ಹೊಸ ಯಂತ್ರಗಳಿಂದ ವಿದ್ಯುತ್ ತಂತಿಗಳಿಗೊದಗುವ ಹಾನಿಯೂ ಅದರ ನಿವಾರಣೆಯೂ

(ಸರ್ಜಾಪುರ ಹೋಬಳಿಯ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ., ಇವರಿಂದ)

ಆನೇಕಲ್ ತಾಲ್ಲೂಕು ಸರ್ಜಾಪುರ ಹೋಬಳಿಯಲ್ಲಿ ಒಂದು ತಲೆಮಾರಿನ ಹಿಂದೆ ರಾಗಿ, ಅವರೆ, ಹಿಪ್ಪುನೇರಳೆಗಳನ್ನು ಬೆಳೆಯುತ್ತಿದ್ದ ಹೊಲಗಳ ಪೈಕಿ ಎಷ್ಟೋ ಈಗ ಬೇರೆ ರೂಪವನ್ನು ತಾಳಿರುತ್ತವೆ. ಬೆಂಗಳೂರಿನಿಂದ ದೊಮ್ಮಸಂದ್ರದ ಮೇಲೆ ಬರುವ ರಸ್ತೆಯ ಎರಡು ಪಕ್ಕಗಳಲ್ಲಿಯೂ ಕಂಪ್ಯೂಟರ್ ಕಚೇರಿಗಳು, ಉಗ್ರಾಣಗಳು, ಬಾಡಿಗೆಯ ವಸತಿಗೃಹಗಳು ಎದ್ದಿವೆ. ಉಳಿದ ಜಮೀನಿನಲ್ಲಿ ಗುಲಾಬಿ, ಸೇವಂತಿಗೆ, ದೊಣ್ಣೆಮೆಣಸಿನಕಾಯಿಗಳನ್ನು ಪಾಲಿಹೌಸುಗಳಲ್ಲಿ ಬೆಳೆಯುವ ಪದ್ಧತಿಯು ಬಂದಿದೆ. ಒಬ್ಬನೇ ಜಮೀನುದಾರನು ಒಂದು ಮೂಲೆಯಲ್ಲಿ ಬೋರ್‌ವೆಲ್ ಪಂಪನ್ನೂ, ಮತ್ತೊಂದು ಮೂಲೆಯಲ್ಲಿ ಬಾಡಿಗೆಗೆ ಕೊಟ್ಟ ಷೆಡ್ಡನ್ನೂ ಇಟ್ಟುಕೊಂಡಿರುವುದು ಈಗ ಸಾಧಾರಣವಾದ ಸಂಗತಿ. ಹೊಲ ಬದಲಾಯಿತು, ಯಂತ್ರಗಳು ಬದಲಾದುವು. ಆದರೆ ಅವುಗಳಿಗೆ ವಿದ್ಯುತ್ತನ್ನೊಯ್ಯುವ ತಂತಿಯನ್ನು ಎಳೆಯುವ ಪದ್ಧತಿ ಮಾತ್ರ ಪಂಪುಮನೆಯ ಕಾಲದ್ದೇ ಉಳಿದಿದೆ. ಇದರಿಂದ ಆಗುವ ನಷ್ಟವನ್ನೂ, ಪ್ರಾಣಾಪಾಯವನ್ನೂ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಲಕ್ಷ್ಯಕ್ಕೆ ತರುವುದೇ ಈ ಲೇಖನದ ಉದ್ದೇಶ.

ಕಣ್ಣಾರೆ ಕಂಡ ಒಂದು ಸಂಗತಿ

ಹೋಬಳಿಯ ಒಂದು ಗ್ರಾಮದಲ್ಲಿ ಅನುಕೂಲಸ್ಥರಾದ ಜಮೀನುದಾರರೊಬ್ಬರು ಒಂದೆಕರೆ ಗುಲಾಬಿಯ ಪಾಲಿಹೌಸಿನ ಪಕ್ಕದಲ್ಲಿ ಎರಡು ಅಂತಸ್ತಿನ ಕಟ್ಟಡವನ್ನು ಕಟ್ಟಿಸಿ, ಕೆಳಗಿನದನ್ನು ಕಂಪ್ಯೂಟರ್ ಕೆಲಸದವರಿಗೂ ಮೇಲಿನದನ್ನು ಕೆಲಸಗಾರರ ವಸತಿಗೂ ಬಾಡಿಗೆಗೆ ಕೊಟ್ಟಿದ್ದರು. ಮೀಟರಿನಿಂದ ಕಟ್ಟಡಕ್ಕೂ ಪಾಲಿಹೌಸಿಗೂ ಒಂದೇ ಕೇಬಲ್. ಅದು ಅಂಗಡಿಯಲ್ಲಿ ‘ಮೂರೂವರೆ ಕೋರ್’ ಎಂದು ಮಾರುವ ಅಲ್ಯೂಮಿನಿಯಂ ಕೇಬಲ್. ಮೂರು ಫೇಸ್ ತಂತಿಗಳು ತಲಾ ೩೫ ಚದರ ಮಿಲಿಮೀಟರು, ನ್ಯೂಟ್ರಲ್ ತಂತಿ ೧೬ ಚದರ ಮಿಲಿಮೀಟರು. ಎರಡು ವರ್ಷಗಳ ಕಾಲ ಎಲ್ಲವೂ ಸರಿಯಾಗಿಯೇ ನಡೆಯಿತು.

ಒಂದು ಏಪ್ರಿಲ್ ತಿಂಗಳ ರಾತ್ರಿ ಬೋರ್ಡಿನಿಂದ ಸುಟ್ಟ ರಬ್ಬರಿನ ವಾಸನೆ ಬಂದಿತು. ಕೆಲವು ದೀಪಗಳು ಕಣ್ಣು ಕೋರೈಸುವಂತೆ ಉರಿದು ಒಡೆದವು, ಕೆಲವು ಮಂಕಾದವು. ಕಾವಲುಗಾರನು ಎಚ್ಚರವಾಗಿದ್ದುದರಿಂದ ಓಡಿಬಂದು ಮೈನ್ ಸ್ವಿಚ್ಚನ್ನು ಇಳಿಸಿದನು. ಆ ಹೊತ್ತಿನಲ್ಲಿ ಮೇಲಿನ ಅಂತಸ್ತಿನಲ್ಲಿ ಹದಿನೈದು ಮಂದಿ ಮಲಗಿದ್ದರು. ಅವರಿಗೆ ಏನೂ ಆಗಲಿಲ್ಲವೆಂಬುದೇ ಭಾಗ್ಯ. ಆದರೆ ಬಾಡಿಗೆದಾರರ ಉಪಕರಣಗಳೂ, ಹನಿ ನೀರಾವರಿಯನ್ನು ನಡೆಸುವ ನಿಯಂತ್ರಕವೂ ಸುಟ್ಟುಹೋದವು. ಮದುವೆಯ ದಿನಗಳಲ್ಲಿ ಹೂವಿಗೆ ಬೆಲೆಯಿದ್ದಾಗ ಮೂರು ದಿನ ಗಿಡಗಳಿಗೆ ನೀರಿಲ್ಲದೆ ಮೊಗ್ಗುಗಳು ಬಾಡಿದವು.

ಲೈಸೆನ್ಸು ಪಡೆದ ವಿದ್ಯುತ್ ಗುತ್ತಿಗೆದಾರರೊಬ್ಬರೊಡನೆ ನಾನು ಮರುದಿನ ಹೋಗಿ ನೋಡಿದೆನು. ನ್ಯೂಟ್ರಲ್ ತಂತಿಯ ಜೋಡಣೆಯು ಕರಗಿ ಕಡಿದಿತ್ತು. ಫೇಸ್ ತಂತಿಗಳಿಗೆ ಸ್ವಲ್ಪವೂ ಧಕ್ಕೆಯಾಗಿರಲಿಲ್ಲ. ತಾತ್ಕಾಲಿಕವಾಗಿ ಜೋಡಿಸಿ, ಉಳಿದ ಯಂತ್ರಗಳನ್ನೆಲ್ಲ ಸ್ವಲ್ಪ ಹೊತ್ತು ನಡೆಸಿ ಅಳತೆ ಮಾಡಿದಾಗ ಮೂರು ಫೇಸುಗಳಲ್ಲಿಯೂ ಸುಮಾರು ೭೦ ಆಂಪಿಯರ್ ಸಮವಾಗಿ ಹರಿಯುತ್ತಿದ್ದಿತು. ಭಾರವು ಹೀಗೆ ಸಮವಾಗಿದ್ದರೆ ನ್ಯೂಟ್ರಲಿನಲ್ಲಿ ಹೆಚ್ಚು ಕಡಿಮೆ ಏನೂ ಇರಬಾರದೆಂದು ನಾವು ಓದಿದ್ದು. ಅಲ್ಲಿ ಕಂಡದ್ದು ೯೬ ಆಂಪಿಯರ್. ಗುತ್ತಿಗೆದಾರರು ಮೀಟರೇ ಕೆಟ್ಟಿದೆಯೆಂದು ಭಾವಿಸಿ ಮತ್ತೊಂದನ್ನು ತರಿಸಿದರು. ಅದೂ ಅದನ್ನೇ ತೋರಿಸಿತು. ಶಾಖವು ಪ್ರವಾಹದ ವರ್ಗದಂತೆ ಏರುವುದರಿಂದಲೂ, ತಂತಿಯು ಸಣ್ಣದಾದಷ್ಟೂ ಹೆಚ್ಚುವುದರಿಂದಲೂ, ಆ ಬಡಪಾಯಿ ನ್ಯೂಟ್ರಲ್ ತಂತಿಯಲ್ಲಿ ಒಂದು ಫೇಸ್ ತಂತಿಯಲ್ಲಿರುವುದರ ನಾಲ್ಕರಷ್ಟಕ್ಕೂ ಮೀರಿದ ಶಾಖವು ಹುಟ್ಟುತ್ತಿದ್ದಿತು. ಈ ೯೬ ಆಂಪಿಯರ್ ಎಲ್ಲಿಂದ ಬಂದಿತು ಎಂಬುದನ್ನು ತಿಳಿದರೆ ಉಳಿದದ್ದೆಲ್ಲವೂ ತಾನಾಗಿಯೇ ತಿಳಿಯುವುದು.

ಹಿಂದಿನ ಯಂತ್ರಗಳೂ ಈಗಿನ ಯಂತ್ರಗಳೂ

ನಮ್ಮ ಸೀಮೆಗೆ ವಿದ್ಯುಚ್ಛಕ್ತಿಯು ಬಂದದ್ದು ಬಹಳ ಮುಂಚೆ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರು ನಗರದ ದೀಪಗಳಿಗೂ ಅದನ್ನು ಒದಗಿಸಲಾಯಿತು. ಆಮೇಲಿನ ಬಹುಕಾಲದವರೆಗೆ ಜನರು ಬಳಸುತ್ತಿದ್ದುದು ತಂತಿ ಕಾಯುವ ದೀಪ, ಒಲೆ, ಮೋಟಾರು, ಇಷ್ಟೇ. ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಂತೆ ಅಲೆಅಲೆಯಾಗಿ ಬರುತ್ತದೆ. ಆ ಹಳೆಯ ಉಪಕರಣಗಳು ಅಲೆಯು ಏರಿದಂತೆ ಹೆಚ್ಚಾಗಿಯೂ ಇಳಿದಂತೆ ಕಡಿಮೆಯಾಗಿಯೂ, ಅಲೆಯ ಆಕಾರದಲ್ಲಿಯೇ ಪ್ರವಾಹವನ್ನು ಎಳೆದುಕೊಳ್ಳುತ್ತಿದ್ದವು.

ಎಲ್.ಇ.ಡಿ. ದೀಪ, ಕಂಪ್ಯೂಟರು, ಯು.ಪಿ.ಎಸ್., ಮೊಬೈಲ್ ಚಾರ್ಜರು, ಬ್ಯಾಟರಿ ಬಂಡಿಯ ಚಾರ್ಜರು, ಪಂಪಿನ ವೇಗವನ್ನು ಬದಲಾಯಿಸುವ ವಿ.ಎಫ್.ಡಿ. ಪೆಟ್ಟಿಗೆ, ಇವುಗಳ ನಡತೆಯೇ ಬೇರೆ. ಇವು ಬರುವ ವಿದ್ಯುತ್ತನ್ನು ಮೊದಲು ಏಕಮುಖ ಪ್ರವಾಹವಾಗಿ ಮಾರ್ಪಡಿಸಿಕೊಳ್ಳುವುದರಿಂದ, ಅಲೆಯ ನೆತ್ತಿಯಲ್ಲಿ ಮಾತ್ರ ಒಂದು ಗುಟುಕು ಎಳೆದುಕೊಂಡು ಉಳಿದ ಹೊತ್ತು ಸುಮ್ಮನಿರುತ್ತವೆ. ಕೆರೆಯ ತೂಬಿನಿಂದ ಕಾಲುವೆಯಲ್ಲಿ ದಿನವೆಲ್ಲಾ ಸಮವಾಗಿ ನೀರು ಬಿಡುವುದಕ್ಕೂ, ಅದೇ ನೀರನ್ನು ಗಳಿಗೆಗೊಮ್ಮೆ ರಭಸದಿಂದ ನುಗ್ಗಿಸುವುದಕ್ಕೂ ಎಷ್ಟು ವ್ಯತ್ಯಾಸವೋ ಇದೂ ಅಷ್ಟೇ. ಒಟ್ಟು ನೀರು ಒಂದೇ ಆದರೂ ಕಾಲುವೆಯ ದಂಡೆಯು ಕೊರೆಯುವುದು ಎರಡನೆಯದರಿಂದ. ಈ ಬಗೆಯ ಉಪಕರಣಗಳಿಗೆ ಎಂಜಿನಿಯರುಗಳು ‘ನಾನ್‌ಲೀನಿಯರ್ ಲೋಡ್’ ಎನ್ನುತ್ತಾರೆ.

ಹಾರ್ಮಾನಿಕ್ ಪ್ರವಾಹವೆಂದರೇನು

ಒಂದೇ ಬಗೆಯಾಗಿ ಮರುಕಳಿಸುವ ಯಾವ ಅಲೆಯನ್ನಾದರೂ ಒಂದು ಮೂಲ ಅಲೆ ಮತ್ತು ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ವೇಗದ ಸಣ್ಣ ಅಲೆಗಳು ಸೇರಿ ಆದದ್ದೆಂದು ವಿಂಗಡಿಸಬಹುದು. ಫ್ರಾನ್ಸ್ ದೇಶದ ಗಣಿತಜ್ಞ ಜೋಸೆಫ್ ಫೂರಿಯೇ ೧೮೨೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ವಿಧಾನವನ್ನು ವಿವರಿಸಿದನು. ನಮ್ಮವರಿಗೆ ಇದು ಕಿವಿಯಿಂದ ಪರಿಚಯವಾದ ವಿಷಯವೇ. ತಂಬೂರಿಯ ಮಂದ್ರ ಷಡ್ಜದ ತಂತಿಯೊಂದನ್ನೇ ಮೀಟಿದರೂ ಅದರಿಂದ ಪಂಚಮವೂ ಅಂತರ ಗಾಂಧಾರವೂ ತಾವಾಗಿಯೇ ಕೇಳಬರುತ್ತವೆ. ಅವನ್ನು ಸ್ವಯಂಭೂ ಸ್ವರಗಳೆನ್ನುತ್ತಾರೆ. ಆ ಪಂಚಮವು ಮೂಲ ನಾದದ ಮೂರರಷ್ಟು ವೇಗದ ಕಂಪನ, ಗಾಂಧಾರವು ಐದರಷ್ಟು ವೇಗದ್ದು. ತಂಬೂರಿಗೆ ಇವು ಮಾಧುರ್ಯ. ವಿದ್ಯುತ್ ತಂತಿಗೆ ಇವು ಹೊರೆ. ಗುಟುಕು ಗುಟುಕಾಗಿ ಎಳೆಯುವ ಯಂತ್ರವು ೫೦ ಆವರ್ತದ ಮೂಲ ಪ್ರವಾಹದೊಡನೆ ೧೫೦ ಆವರ್ತದ ಮೂರನೆಯ, ೨೫೦ ಆವರ್ತದ ಐದನೆಯ, ೩೫೦ ಆವರ್ತದ ಏಳನೆಯ ಪ್ರವಾಹಗಳನ್ನೂ ತಂತಿಯಲ್ಲಿ ಹರಿಯಿಸುತ್ತದೆ. ಇವುಗಳೇ ಹಾರ್ಮಾನಿಕ್ ಪ್ರವಾಹಗಳು. ಉಪಯುಕ್ತವಾದ ಕೆಲಸವನ್ನು ಮಾಡುವುದು ಹೆಚ್ಚಾಗಿ ಮೂಲ ಪ್ರವಾಹ. ತಂತಿಯನ್ನು ಕಾಯಿಸುವುದರಲ್ಲಿ ಮಾತ್ರ ಎಲ್ಲವೂ ಪಾಲುಗೊಳ್ಳುತ್ತವೆ.

ನ್ಯೂಟ್ರಲ್ ತಂತಿಗೆ ಬರುವ ಭಾರ

ಮೂರು ಫೇಸುಗಳ ಅಲೆಗಳು ಒಂದೇ ಸಲ ಬರುವುದಿಲ್ಲ. ಆವರ್ತದ ಮೂರನೆಯ ಒಂದು ಪಾಲು ಅಂತರದಲ್ಲಿ ಒಂದರ ಹಿಂದೊಂದು ಬರುತ್ತವೆ. ಆದಕಾರಣ ಭಾರವು ಸಮವಾಗಿದ್ದರೆ ಮೂರೂ ನ್ಯೂಟ್ರಲಿನಲ್ಲಿ ಸೇರಿದಾಗ ಒಂದನ್ನೊಂದು ಕಳೆದು ಸೊನ್ನೆಯಾಗುತ್ತವೆ. ನ್ಯೂಟ್ರಲ್ ತಂತಿಯು ಅರ್ಧ ದಪ್ಪವಿದ್ದರೆ ಸಾಕೆಂಬ ಮೂರೂವರೆ ಕೋರಿನ ಲೆಕ್ಕವು ಹುಟ್ಟಿದ್ದು ಇದರಿಂದಲೇ. ಆ ಕಾಲದ ಯಂತ್ರಗಳಿಗೆ ಅದು ಸರಿಯಾದ ಲೆಕ್ಕವೇ ಆಗಿತ್ತು.

ಈಗ ಒಂದೇ ಒರಳಿನ ಸುತ್ತ ಮೂವರು ಹೆಂಗಸರು ನಿಂತು ಒನಕೆಯಿಂದ ಸರದಿಯ ಮೇಲೆ ಭತ್ತ ಕುಟ್ಟುವುದನ್ನು ನೆನೆಯಿರಿ. ಒಬ್ಬಳ ಪೆಟ್ಟು ಬಿದ್ದ ಮೇಲೆ ಇನ್ನೊಬ್ಬಳದು, ಆಮೇಲೆ ಮೂರನೆಯವಳದು. ಒರಳಿಗೆ ಯಾವಾಗಲೂ ಒಂದೇ ಪೆಟ್ಟು. ಅವರು ನಿಂತ ಸರದಿಯನ್ನು ಹಾಗೆಯೇ ಇಟ್ಟುಕೊಂಡು ಒಬ್ಬೊಬ್ಬಳೂ ಮೂರರಷ್ಟು ವೇಗದಿಂದ ಕುಟ್ಟತೊಡಗಿದರೆ, ಮೂರು ಒನಕೆಗಳೂ ಪ್ರತಿಸಾರಿಯೂ ಏಕಕಾಲದಲ್ಲಿಯೇ ಬೀಳುತ್ತವೆ. ಮೂರನೆಯ ಹಾರ್ಮಾನಿಕ್ ಪ್ರವಾಹದ ಸ್ಥಿತಿಯು ಇದೇ. ಮೂರು ಫೇಸುಗಳ ಮೂರನೆಯ ಹಾರ್ಮಾನಿಕ್ಕುಗಳು ನ್ಯೂಟ್ರಲಿನಲ್ಲಿ ಕಳೆದುಹೋಗುವುದಕ್ಕೆ ಬದಲಾಗಿ ಕೂಡಿಕೊಳ್ಳುತ್ತವೆ. ಒಂಬತ್ತನೆಯದು, ಹದಿನೈದನೆಯದು ಮುಂತಾಗಿ ಮೂರರ ಗುಣಕಗಳಲ್ಲಿ ಬೆಸಸಂಖ್ಯೆಯವೂ ಹೀಗೆಯೇ. ನಮ್ಮ ಜಮೀನುದಾರರ ಕಟ್ಟಡದಲ್ಲಿ ಒಂದೊಂದು ಫೇಸಿನಿಂದ ಸುಮಾರು ೩೨ ಆಂಪಿಯರಿನಂತೆ ಕೂಡಿಬಂದದ್ದೇ ಆ ೯೬ ಆಂಪಿಯರ್. ಎಲ್ಲವೂ ಈ ಬಗೆಯ ಉಪಕರಣಗಳೇ ಆಗಿದ್ದರೆ ನ್ಯೂಟ್ರಲ್ ಪ್ರವಾಹವು ಫೇಸ್ ಪ್ರವಾಹದ ೧.೭೩ ರಷ್ಟರವರೆಗೂ ಹೋಗಬಹುದೆಂದು ಲೆಕ್ಕವಿದೆ.

ಸಣ್ಣ ದೀಪಗಳೇನು ಮಾಡಿಯಾವು ಎಂದು ಉಪೇಕ್ಷಿಸತಕ್ಕದ್ದಲ್ಲ. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಮಾನಕವು ೨೫ ವ್ಯಾಟಿನವರೆಗಿನ ದೀಪಗಳಲ್ಲಿ ಮೂರನೆಯ ಹಾರ್ಮಾನಿಕ್ ಮೂಲ ಪ್ರವಾಹದ ಶೇಕಡಾ ೮೬ರವರೆಗೆ ಇರಲು ಅವಕಾಶ ಕೊಡುತ್ತದೆ. ಒಂದು ದೀಪದ ಪ್ರವಾಹವು ಅತ್ಯಲ್ಪ. ಆದರೆ ವಸತಿಗೃಹವೊಂದರಲ್ಲಿ ಇನ್ನೂರು ದೀಪಗಳಿದ್ದರೆ ಹನಿ ಹನಿಗೂಡಿ ಹಳ್ಳವಾಗುತ್ತದೆ.

ಇದರಲ್ಲಿರುವ ದೊಡ್ಡ ಅಪಾಯವೇನೆಂದರೆ, ಫ್ಯೂಜ್ ಮತ್ತು ಬ್ರೇಕರುಗಳು ಕಾವಲಿರುವುದು ಫೇಸ್ ತಂತಿಗಳಿಗೆ. ಅವುಗಳಲ್ಲಿ ಪ್ರವಾಹವು ಮಿತಿಯೊಳಗೇ ಇರುವುದರಿಂದ ನ್ಯೂಟ್ರಲ್ ಕೆಂಪಗೆ ಕಾದರೂ ಬ್ರೇಕರು ಬೀಳುವುದಿಲ್ಲ. ನ್ಯೂಟ್ರಲ್ ಕಡಿದಮೇಲೆ ೨೩೦ ವೋಲ್ಟಿಗೆಂದು ಮಾಡಿದ ಉಪಕರಣಗಳು ಎರಡು ಫೇಸುಗಳ ನಡುವಣ ೪೦೦ ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಕಡಿಮೆ ಭಾರವಿರುವ ಫೇಸಿಗೆ ಹೆಚ್ಚು ವೋಲ್ಟೇಜು ಬಿದ್ದು ಅಲ್ಲಿರುವುದು ಸುಡುತ್ತದೆ. ಹೆಚ್ಚು ಭಾರವಿರುವ ಫೇಸಿನಲ್ಲಿ ದೀಪಗಳು ಮಂಕಾಗುತ್ತವೆ. ಆ ರಾತ್ರಿ ನಡೆದದ್ದು ಇದೇ.

ಟ್ರಾನ್ಸ್‌ಫಾರ್ಮರು, ಕೆಪಾಸಿಟರು ಮತ್ತು ಪಂಪು

ಹಾನಿಯು ಒಬ್ಬರ ಬೋರ್ಡಿನಲ್ಲಿಯೇ ನಿಲ್ಲುವುದಿಲ್ಲ. ಮೂರು ಫೇಸಿನ ವಿ.ಎಫ್.ಡಿ. ಪೆಟ್ಟಿಗೆಯಿಂದ ನ್ಯೂಟ್ರಲಿಗೆ ತೊಂದರೆಯಿಲ್ಲ; ಆದರೆ ಅದು ಐದನೆಯ ಮತ್ತು ಏಳನೆಯ ಹಾರ್ಮಾನಿಕ್ಕುಗಳನ್ನು ಊರಿನ ಟ್ರಾನ್ಸ್‌ಫಾರ್ಮರಿಗೆ ಕಳುಹಿಸುತ್ತದೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳಲ್ಲಿ ಸುಳಿಪ್ರವಾಹದಿಂದಾಗುವ ಶಾಖವು ಆವರ್ತದ ವರ್ಗದಂತೆ ಹೆಚ್ಚುವುದರಿಂದ, ಐದನೆಯ ಹಾರ್ಮಾನಿಕ್ಕಿನ ಒಂದು ಆಂಪಿಯರ್ ಮೂಲ ಪ್ರವಾಹದ ಒಂದು ಆಂಪಿಯರಿನ ೨೫ ರಷ್ಟು ಇಂಥ ಶಾಖವನ್ನು ಹುಟ್ಟಿಸುತ್ತದೆ. ಮೇಲಾಗಿ ವೋಲ್ಟೇಜಿನ ಅಲೆಯೇ ಸೊಟ್ಟಗಾಗುತ್ತದೆ. ಐದನೆಯ ಹಾರ್ಮಾನಿಕ್ ಮೋಟಾರನ್ನು ಹಿಂದುಮುಂದಾಗಿ ತಿರುಗಿಸಲು ಯತ್ನಿಸುವ ಸ್ವಭಾವದ್ದು. ಹೀಗಾಗಿ ಅದೇ ಟ್ರಾನ್ಸ್‌ಫಾರ್ಮರಿನ ಮೇಲಿರುವ ನೆರೆಯ ರೈತನ ಪಂಪು ಅವನದೇನೂ ತಪ್ಪಿಲ್ಲದೆ ಕಾಯುತ್ತದೆ.

ಪಂಪಿಗೆ ಕೆಪಾಸಿಟರನ್ನು ಹಾಕಬೇಕೆಂದು ನಾವೇ ರೈತರಿಗೆ ಉಪದೇಶಿಸುತ್ತ ಬಂದಿದ್ದೇವೆ. ಆ ಉಪದೇಶವು ಈಗಲೂ ಸರಿಯೇ. ಆದರೆ ಕೆಪಾಸಿಟರಿನ ತಡೆಯು ಐದನೆಯ ಹಾರ್ಮಾನಿಕ್ಕಿಗೆ ಐದನೆಯ ಒಂದು ಪಾಲಿಗೆ ಇಳಿಯುವುದರಿಂದ ಆ ಪ್ರವಾಹಗಳು ಅದರೊಳಕ್ಕೆ ನುಗ್ಗುತ್ತವೆ. ಇದಲ್ಲದೆ ಟ್ರಾನ್ಸ್‌ಫಾರ್ಮರು ಮತ್ತು ಕೆಪಾಸಿಟರುಗಳು ಸೇರಿ ಒಂದು ಆವರ್ತಕ್ಕೆ ಶ್ರುತಿಗೂಡುವುದುಂಟು. ಉದಾಹರಣೆಗೆ, ಆಂತರಿಕ ತಡೆಯು ಶೇಕಡಾ ೪.೫ ಇರುವ ೬೩ ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಮೇಲೆ ತಲಾ ೪ ಕೆ.ವಿ.ಎ.ಆರ್. ಕೆಪಾಸಿಟರಿರುವ ಏಳು ಪಂಪುಗಳಿದ್ದರೆ, ಒಟ್ಟು ೨೮ ಕೆ.ವಿ.ಎ.ಆರ್. ಆಗಿ, ಆ ಶ್ರುತಿಯು ಸುಮಾರಾಗಿ ೩೫೦ ಆವರ್ತಕ್ಕೆ, ಎಂದರೆ ಏಳನೆಯ ಹಾರ್ಮಾನಿಕ್ಕಿಗೇ ಬಂದು ಕೂಡುತ್ತದೆ. ಆಗ ಅದೇ ಟ್ರಾನ್ಸ್‌ಫಾರ್ಮರಿಗೆ ಒಂದು ದೊಡ್ಡ ವಿ.ಎಫ್.ಡಿ. ಸೇರಿಕೊಂಡರೆ ಸಣ್ಣ ಪ್ರವಾಹವು ಹಲವು ಪಟ್ಟು ಬೆಳೆದು ಕೆಪಾಸಿಟರುಗಳು ಉಬ್ಬಿ ಒಡೆಯುತ್ತವೆ.

ತಿಳಿಯತಕ್ಕ ಲಕ್ಷಣಗಳು

ಭಾರವು ಸಮವಾಗಿದ್ದರೂ ನ್ಯೂಟ್ರಲ್ ಲಿಂಕಿನ ಬಳಿ ಬಣ್ಣವು ಕಂದುವುದು ಅಥವಾ ಹೊದಿಕೆಯು ಗಟ್ಟಿಯಾಗಿ ಬಿರುಕು ಬಿಡುವುದು. ಟ್ರಾನ್ಸ್‌ಫಾರ್ಮರು ಪೂರ್ಣ ಭಾರವಿಲ್ಲದಿದ್ದರೂ ಹೆಚ್ಚು ಗುಂಯ್‌ಗುಟ್ಟುವುದು. ಕೆಪಾಸಿಟರುಗಳು ಪದೇ ಪದೇ ಉಬ್ಬುವುದು. ಪಂಪಿನ ಮೋಟಾರು ಕಾರಣ ತಿಳಿಯದಂತೆ ಮೇಲಿಂದ ಮೇಲೆ ಸುಡುವುದು. ದೀಪಗಳು ಒಂದು ಕಡೆ ಪ್ರಕಾಶವಾಗಿ ಮತ್ತೊಂದು ಕಡೆ ಮಂಕಾಗುವುದು. ಕೊನೆಯದು ಕಂಡರೆ ನ್ಯೂಟ್ರಲ್ ಸಡಿಲವಾಗಿದೆಯೆಂದೇ ತಿಳಿದು ಕೂಡಲೇ ಮೈನ್ ಸ್ವಿಚ್ಚನ್ನು ಆರಿಸತಕ್ಕದ್ದು. ಬೋರ್ಡನ್ನು ತಾವೇ ಬಿಚ್ಚಿ ಮುಟ್ಟಿ ನೋಡಬಾರದು. ಕಡಿದ ನ್ಯೂಟ್ರಲ್ ತಂತಿಯೂ ಪ್ರಾಣಕ್ಕೆ ಅಪಾಯಕರವಾದದ್ದೇ.

ನಿವಾರಣೋಪಾಯಗಳು

೧. ಬಾಡಿಗೆಯ ಕಟ್ಟಡಕ್ಕೆ ಮೂರೂವರೆ ಕೋರ್ ಕೇಬಲನ್ನು ಹಾಕಿಸಬಾರದು. ನ್ಯೂಟ್ರಲ್ ಫೇಸಿನಷ್ಟೇ ದಪ್ಪವಿರುವ ನಾಲ್ಕು ಕೋರ್ ಕೇಬಲನ್ನೇ ಕೇಳಿ ತರಿಸತಕ್ಕದ್ದು.

೨. ಕೇಬಲಿನ ಗಾತ್ರವನ್ನು ಮೂರನೆಯ ಹಾರ್ಮಾನಿಕ್ಕಿನ ಪ್ರಮಾಣವನ್ನು ನೋಡಿ ಗೊತ್ತುಮಾಡಬೇಕು. ಮೇಲೆ ಹೇಳಿದ ಆಯೋಗದ ವೈರಿಂಗ್ ಮಾನಕದ ಪ್ರಕಾರ, ಅದು ಫೇಸ್ ಪ್ರವಾಹದ ಶೇಕಡಾ ೧೫ರವರೆಗೆ ಇದ್ದರೆ ಯಾವ ಕಡಿತವೂ ಬೇಡ. ೧೫ರಿಂದ ೩೩ರವರೆಗೆ ಇದ್ದರೆ ಕೇಬಲಿನ ಶಕ್ತಿಯನ್ನು ೦.೮೬ ರಿಂದ ಗುಣಿಸಬೇಕು. ೧೦೦ ಆಂಪಿಯರಿನ ಕೇಬಲನ್ನು ೮೬ ಆಂಪಿಯರಿನದೆಂದೇ ಎಣಿಸಬೇಕು. ೩೩ರಿಂದ ೪೫ರವರೆಗೆ ಇದ್ದರೆ ಅದೇ ೦.೮೬ ನ್ನು ಹಿಡಿದು ನ್ಯೂಟ್ರಲ್ ಪ್ರವಾಹಕ್ಕೆ ತಕ್ಕ ಕೇಬಲನ್ನು ಆರಿಸಬೇಕು. ೪೫ನ್ನು ಮೀರಿದರೆ ನ್ಯೂಟ್ರಲ್ ಪ್ರವಾಹವೊಂದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮೇಲ್ಕಂಡ ಕಟ್ಟಡದಲ್ಲಿ ೭೦ಕ್ಕೆ ೩೨, ಎಂದರೆ ೪೫ಕ್ಕೆ ಮೇಲಾದುದರಿಂದ, ೯೬ ಆಂಪಿಯರನ್ನು ಹೊರುವಂತೆ ೫೦ ಚದರ ಮಿಲಿಮೀಟರಿನ ನಾಲ್ಕು ಕೋರ್ ಕೇಬಲನ್ನು ಹಾಕಿಸಲಾಯಿತು.

೩. ಒಂದು ನ್ಯೂಟ್ರಲ್ ತಂತಿಯನ್ನು ಹಲವು ಸರ್ಕ್ಯೂಟುಗಳಿಗೆ ಹಂಚಬಾರದು; ಒಂದೊಂದಕ್ಕೂ ಬೇರೆ ನ್ಯೂಟ್ರಲ್ ಇರಲಿ. ನ್ಯೂಟ್ರಲಿಗೆ ಒಂಟಿಯಾಗಿ ಫ್ಯೂಜನ್ನಾಗಲಿ ಸ್ವಿಚ್ಚನ್ನಾಗಲಿ ಎಂದಿಗೂ ಹಾಕಬಾರದು; ವಿದ್ಯುತ್ ಸುರಕ್ಷತಾ ನಿಯಮಗಳೂ ಇದನ್ನು ನಿಷೇಧಿಸಿವೆ. ನ್ಯೂಟ್ರಲನ್ನೂ ಕಾಯುವ, ನಾಲ್ಕನ್ನೂ ಒಟ್ಟಿಗೆ ಬಿಡಿಸುವ ಫೋರ್ ಪೋಲ್ ಬ್ರೇಕರೇ ಯೋಗ್ಯವಾದದ್ದು.

೪. ವರ್ಷಕ್ಕೊಮ್ಮೆ, ಬೇಸಗೆಗೆ ಮುಂಚೆ, ಎಲ್ಲಾ ಯಂತ್ರಗಳೂ ನಡೆಯುತ್ತಿರುವಾಗ ನ್ಯೂಟ್ರಲ್ ಪ್ರವಾಹವನ್ನು ಅಳೆಯಿಸಿ ಬೋರ್ಡಿನ ಮೇಲೆ ಬರೆಯಿಸತಕ್ಕದ್ದು. ಅಳೆಯುವ ಕ್ಲಾಂಪ್ ಮೀಟರು ‘ಟ್ರೂ ಆರ್.ಎಂ.ಎಸ್.’ ಬಗೆಯದಾಗಿರಬೇಕು. ಅಗ್ಗದ ಮೀಟರುಗಳು ಸೊಟ್ಟ ಅಲೆಯನ್ನು ಕಡಿಮೆಯಾಗಿ ತೋರಿಸಿ ಮೋಸಮಾಡುತ್ತವೆ.

೫. ಪಂಪಿನ ವಿ.ಎಫ್.ಡಿ. ಪೆಟ್ಟಿಗೆಯನ್ನು ಕೊಳ್ಳುವಾಗ ಲೈನ್ ಚೋಕ್ ಸಹಿತವಾಗಿಯೇ ಕೊಳ್ಳಬೇಕು. ಚೋಕ್ ಇಲ್ಲದ ಪೆಟ್ಟಿಗೆಯಲ್ಲಿ ಹಾರ್ಮಾನಿಕ್ಕುಗಳ ಒಟ್ಟು ಪ್ರಮಾಣವು ಸಾಮಾನ್ಯವಾಗಿ ಮೂಲ ಪ್ರವಾಹದ ಶೇಕಡಾ ೮೦ನ್ನೂ ಮೀರುವುದುಂಟು. ಶೇಕಡಾ ೩ರ ಚೋಕಿನಿಂದ ಸುಮಾರು ೪೦ಕ್ಕೆ ಇಳಿಯುತ್ತದೆ.

೬. ವಿ.ಎಫ್.ಡಿ. ಇರುವ ಕಡೆ ಬರಿಯ ಕೆಪಾಸಿಟರನ್ನು ಹಾಕಿಸಬಾರದು. ಶೇಕಡಾ ೭ರ ಚೋಕನ್ನು ಸರಣಿಯಾಗಿ ಜೋಡಿಸಿದರೆ ಅದರ ಶ್ರುತಿಯು ೧೮೯ ಆವರ್ತಕ್ಕೆ ಇಳಿದು ಐದನೆಯ ಮತ್ತು ಏಳನೆಯ ಹಾರ್ಮಾನಿಕ್ಕುಗಳ ಹಾವಳಿ ತಪ್ಪುತ್ತದೆ. ಆಗ ಕೆಪಾಸಿಟರು ೪೪೦ ವೋಲ್ಟಿಗಿಂತ ಹೆಚ್ಚು ತಾಳುವಂಥದಾಗಿರಬೇಕು. ವಿ.ಎಫ್.ಡಿ. ಮತ್ತು ಮೋಟಾರಿನ ನಡುವೆ ಕೆಪಾಸಿಟರನ್ನು ಎಂದೂ ಇಡಬಾರದು.

೭. ಕೃಷಿ ಪಂಪಿನ ಸಂಪರ್ಕದಿಂದ ಷೆಡ್ಡಿಗೆ ತಂತಿಯನ್ನೆಳೆಯುವುದು ಕಾನೂನಿಗೆ ವಿರೋಧ, ತಂತಿಗೂ ವಿರೋಧ. ಷೆಡ್ಡಿಗೆ ಬೇರೆ ಸಂಪರ್ಕವನ್ನೇ ಪಡೆಯತಕ್ಕದ್ದು.

ಒಂದು ಆಕ್ಷೇಪಣೆಗೆ ಸಮಾಧಾನ

ಕೆಲವರು, “ಯಂತ್ರಗಳು ಬಾಡಿಗೆದಾರನವು, ಖರ್ಚು ಮಾತ್ರ ನಮಗೇಕೆ?” ಎನ್ನುತ್ತಾರೆ. ಮತ್ತೆ ಕೆಲವರು, ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವಾಗ ಈ ಚಿಂತೆಯೇ ಬೇಡವೆನ್ನುತ್ತಾರೆ. ವಿದ್ಯುತ್ತು ಉಚಿತವಾಗಿರಬಹುದು; ಸುಟ್ಟ ಮೋಟಾರನ್ನು ಸಾವಿರ ಅಡಿಯ ಕೊಳವೆಯಿಂದ ಮೇಲೆತ್ತಿಸಿ ವೈಂಡಿಂಗ್ ಮಾಡಿಸುವುದು ಉಚಿತವಲ್ಲ; ಆ ದಿನಗಳಲ್ಲಿ ಒಣಗಿದ ಬೆಳೆಯೂ ಉಚಿತವಲ್ಲ. ಕೇಬಲನ್ನು ಮೊದಲೇ ದಪ್ಪವಾಗಿ ಹಾಕಿಸಿದರೆ ಹೆಚ್ಚುವ ಖರ್ಚು ಕಟ್ಟಡದ ಖರ್ಚಿನಲ್ಲಿ ಲೆಕ್ಕಕ್ಕೆ ಬಾರದಷ್ಟು. ಬಾಡಿಗೆಯ ಕರಾರಿನಲ್ಲಿ ಎಂಥೆಂಥ ಯಂತ್ರಗಳನ್ನು ಎಷ್ಟು ಪ್ರಮಾಣದಲ್ಲಿ ಇಡಬಹುದೆಂದು ಬರೆಯಿಸಿಕೊಂಡರೆ ಬಾಡಿಗೆದಾರನ ಹೊಣೆಯೂ ಗೊತ್ತಾಗುವುದು.

ಗ್ರಾಮದ ಮುಖಂಡರ ಕರ್ತವ್ಯ

ಕಾಲುವೆಯ ಮೇಲ್ಭಾಗದವನು ನೀರನ್ನು ಕೆಡಿಸಿದರೆ ಕೆಳಗಿನವರು ಪಂಚಾಯಿತಿಗೆ ಬರುತ್ತಾರೆ. ಟ್ರಾನ್ಸ್‌ಫಾರ್ಮರೂ ಅಂಥ ಕಾಲುವೆಯೇ. ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯು ೧೯೮೧ರಲ್ಲಿ ಹೊರಡಿಸಿ ೨೦೨೨ರಲ್ಲಿ ಪುನಃ ಪರಿಷ್ಕರಿಸಿದ ೫೧೯ನೆಯ ಮಾನಕವು ಈ ನ್ಯಾಯವನ್ನೇ ಅನುಸರಿಸಿದೆ. ಹಲವರು ಕೂಡುವ ಸ್ಥಳದಲ್ಲಿ, ಸಾವಿರ ವೋಲ್ಟಿನವರೆಗಿನ ಸರಬರಾಜಿನಲ್ಲಿ, ವೋಲ್ಟೇಜಿನ ಒಟ್ಟು ವಿಕಾರವು ಶೇಕಡಾ ೮ನ್ನು ಮೀರಬಾರದೆಂದು ಅದು ವಿಧಿಸುತ್ತದೆ. ಒಂದು ಟ್ರಾನ್ಸ್‌ಫಾರ್ಮರಿನ ಮೇಲೆ ಯಾರ ಪಂಪು, ಯಾರ ಷೆಡ್ಡು, ಎಷ್ಟು ಕೆಪಾಸಿಟರು, ಎಷ್ಟು ವಿ.ಎಫ್.ಡಿ. ಇವೆಯೆಂದು ಮುಖಂಡರು ಒಂದು ಪಟ್ಟಿಯನ್ನು ಇಟ್ಟುಕೊಂಡಲ್ಲಿ, ಮೋಟಾರುಗಳು ಸಾಲಾಗಿ ಸುಡತೊಡಗಿದಾಗ ಕಾರಣವನ್ನು ಹುಡುಕುವುದು ಸುಲಭವಾಗುತ್ತದೆ. ಆ ಪಟ್ಟಿಯೊಡನೆ ಬೆಸ್ಕಾಂ ಉಪವಿಭಾಗದ ಕಚೇರಿಗೆ ಬರೆದುಕೊಂಡರೆ ಅಥವಾ ೧೯೧೨ ಎಂಬ ದೂರವಾಣಿ ಸಂಖ್ಯೆಗೆ ತಿಳಿಸಿದರೆ ದೂರಿಗೆ ಬಲ ಬರುತ್ತದೆ. ಕೆಲಸವನ್ನು ಮಾತ್ರ ಲೈಸೆನ್ಸು ಪಡೆದ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಮೇಲೆ ಹೇಳಿದ ಜಮೀನುದಾರರು ಹೊಸ ಕೇಬಲನ್ನು ಹಾಕಿಸಿದ ಮೇಲೆ ನ್ಯೂಟ್ರಲ್ ಲಿಂಕಿನ ಪಕ್ಕದಲ್ಲಿ ಒಂದು ಚೀಟಿಯನ್ನು ಅಂಟಿಸಿ, ಅಳತೆ ಮಾಡಿದ ತಾರೀಖನ್ನೂ ಆಂಪಿಯರನ್ನೂ ಬರೆಯಿಸುತ್ತ ಬಂದಿದ್ದಾರೆ. ಮೊನ್ನೆ ನಾನು ಹೋದಾಗ ಅದರಲ್ಲಿ ನಾಲ್ಕು ಸಾಲುಗಳಿದ್ದವು. ವಾಚಕರ ಪೈಕಿ ಷೆಡ್ಡು ಅಥವಾ ಪಾಲಿಹೌಸು ಉಳ್ಳವರೆಲ್ಲರೂ ಮುಂದಿನ ಬೇಸಗೆಯೊಳಗಾಗಿ ಇಂಥ ಚೀಟಿಯ ಮೊದಲನೆಯ ಸಾಲನ್ನು ಬರೆಯಿಸಬೇಕೆಂದು ಕೋರುತ್ತೇನೆ.